ಮೊಣಕಾಲ ನೋವು, ಹಲ್ಲಿನ ಕರೆ ಮತ್ತು ಮನೆಯ ಕೊಡದ ನೀರು



ಇಷ್ಟಲಿಂಗಪೂಜೆಗೆ ಕುಳಿತ ಭಕ್ತನ ದೇಹಸ್ಥಿತಿಯನ್ನು ಒಮ್ಮೆ ನೆನೆಯಿರಿ. ನೆಲದ ಮೇಲೆ ಕಾಲು ಮಡಿಚಿ, ಬೆನ್ನು ನೆಟ್ಟಗೆ ಮಾಡಿ, ಎಡ ಅಂಗೈಯ ಲಿಂಗದ ಮೇಲೆ ದೃಷ್ಟಿ ನೆಡಲು ಕೊರಳನ್ನು ಮೆಲ್ಲನೆ ಬಾಗಿಸಿ ಆತನು ಕೂಡುತ್ತಾನೆ. ಮೊಣಕಾಲು, ಸೊಂಟ, ಬೆನ್ನುಮೂಳೆ, ಕೊರಳು ಈ ನಾಲ್ಕೂ ಹದವಾಗಿದ್ದರೆ ಮಾತ್ರ ಈ ಆಸನ ಸುಖವಾಗಿರುತ್ತದೆ. ನಮ್ಮ ಭಾಗದ ಹಳ್ಳಿಗಳಲ್ಲಿ ಇನ್ನೂ ಐವತ್ತು ದಾಟದ ಹಿರಿಯರು ಕುರ್ಚಿಯ ಮೇಲೆ ಕುಳಿತು ಪೂಜೆ ಮಾಡಿಕೊಳ್ಳುವುದನ್ನೂ, ಪ್ರವಚನಕ್ಕೆ ಬಂದ ತಾಯಂದಿರು ಗೋಡೆ ಹಿಡಿದು ಏಳುವುದನ್ನೂ ಕಾಣುತ್ತೇವೆ. ಅದೇ ಸಭೆಯಲ್ಲಿ ಶಾಲೆಗೆ ಹೋಗುವ ಹೆಣ್ಣುಮಕ್ಕಳು ನಗು ಬಂದೊಡನೆ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಅವರ ಹಲ್ಲುಗಳ ಮೇಲೆ ಕಂದು ಕರೆ ಇದೆ.

ಅಜ್ಜಿಯ ಮೊಣಕಾಲಿಗೂ ಮೊಮ್ಮಗಳ ಹಲ್ಲಿಗೂ ಏನು ಸಂಬಂಧ? ಒಂದನ್ನು ನಾವು ವಯಸ್ಸಿನ ದೋಷವೆನ್ನುತ್ತೇವೆ, ಇನ್ನೊಂದನ್ನು ಹಲ್ಲುಜ್ಜದ ಸೋಮಾರಿತನವೆನ್ನುತ್ತೇವೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಈ ಎರಡಕ್ಕೂ ಅನೇಕ ವೇಳೆ ಒಂದೇ ಮೂಲವಿರುತ್ತದೆ. ಅದು ಮನೆಯ ಕೊಡದಲ್ಲಿಯೇ ಇರುತ್ತದೆ. ಆದುದರಿಂದ ಕೀಲುನೋವಿಗೆ ಮಾತ್ರೆ ಕೊಳ್ಳುವ ಮೊದಲು ನೀರನ್ನು ಪರೀಕ್ಷಿಸಬೇಕು ಎಂಬುದೇ ಈ ತಿಂಗಳ ಆರೋಗ್ಯ ಪಾಠದ ಸಾರ.

ನೀರಿನಲ್ಲಿ ಕಾಣದ ಲವಣ

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ಕೊಪ್ಪಳದ ನೆಲ ಬಹುಪಾಲು ಗ್ರಾನೈಟ್ ಮತ್ತು ನೈಸ್ ಶಿಲೆಗಳದು. ಇಂಥ ಶಿಲೆಗಳಲ್ಲಿ ಫ್ಲೋರೈಟ್, ಅಪಟೈಟ್, ಬಯೋಟೈಟ್ ಮೊದಲಾದ ಖನಿಜಗಳಿವೆ. ನೀರು ಶಿಲೆಯ ಬಿರುಕುಗಳಲ್ಲಿ ಎಷ್ಟು ಹೆಚ್ಚು ಕಾಲ ನಿಲ್ಲುತ್ತದೆಯೋ ಅಷ್ಟು ಹೆಚ್ಚು ಫ್ಲೋರೈಡ್ ಅದರಲ್ಲಿ ಕರಗುತ್ತದೆ. ನೀರಿನಲ್ಲಿ ಸುಣ್ಣದ ಅಂಶ ಕಡಿಮೆಯಿದ್ದು ಕ್ಷಾರಗುಣ ಹೆಚ್ಚಿದ್ದರೆ ಈ ಕರಗುವಿಕೆ ಇನ್ನಷ್ಟು ಬಲವಾಗುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು. ಬಾವಿ ಬತ್ತಿದಂತೆ ಕೊಳವೆಬಾವಿಯನ್ನು ಆಳಕ್ಕೆ ಇಳಿಸುತ್ತ ಹೋದೆವು. ಹಿರಿಯರು ಕುಡಿದದ್ದು ಕೆರೆ, ಹಳ್ಳ, ತೆರೆದ ಬಾವಿಗಳ ಹೊಸ ನೀರು. ನಾವು ಕುಡಿಯುತ್ತಿರುವುದು ಶಿಲೆಯೊಳಗೆ ದೀರ್ಘಕಾಲ ನಿಂತ ಹಳೆಯ ನೀರು.

ಈ ಲವಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರಿನಲ್ಲಿ ಸಾಮಾನ್ಯವಾಗಿ ಇರುವ ಪ್ರಮಾಣದಲ್ಲಿ ರುಚಿಗೂ ಸಿಗುವುದಿಲ್ಲ. ಕನ್ನಡಿಯಂತೆ ತಿಳಿಯಾದ ನೀರಿನಲ್ಲಿಯೂ ಅದು ಇರಬಹುದು. ಒಂದೇ ಊರಿನ ಎರಡು ಕೊಳವೆಬಾವಿಗಳಲ್ಲಿ ಒಂದು ನಿರ್ದೋಷಿಯಾಗಿದ್ದು ಮತ್ತೊಂದು ವಿಷಮವಾಗಿರಬಹುದು. ಭಾರತೀಯ ಮಾನಕ ಬ್ಯೂರೋದ ನಿಯಮದಂತೆ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವೇ ಇಲ್ಲದಿದ್ದಲ್ಲಿ ಮಾತ್ರ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ 1.5ಕ್ಕೆ ನಿಲ್ಲುತ್ತದೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಭಾಗದ ಅನೇಕ ಗ್ರಾಮಗಳ ಕೊಳವೆಬಾವಿಗಳಲ್ಲಿ ಈ ಮಿತಿ ಮೀರಿದ ಫ್ಲೋರೈಡ್ ಇರುವುದು ಪರೀಕ್ಷೆಗಳಿಂದ ತಿಳಿದಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯ ಭತ್ತದ ಸೀಮೆಯವರೂ, ಕುಡಿಯಲು ಕೊಳವೆಬಾವಿಯನ್ನೇ ನಂಬಿದ್ದರೆ, ಪರೀಕ್ಷೆಯಿಲ್ಲದೆ ನಿಶ್ಚಿಂತರಾಗಿರುವಂತಿಲ್ಲ.

ಇಲ್ಲೊಂದು ಲೆಕ್ಕವನ್ನು ಗಮನಿಸಬೇಕು. ದಿನವೊಂದಕ್ಕೆ ದೇಹ ಸೇರುವ ಒಟ್ಟು ಫ್ಲೋರೈಡ್ 6 ಮಿಲಿಗ್ರಾಂ ದಾಟಿದರೆ ಎಲುಬಿಗೆ ಅಪಾಯದ ಸೂಚನೆಗಳಿವೆಯೆಂದೂ, 14 ಮಿಲಿಗ್ರಾಂ ಮುಟ್ಟಿದರೆ ಅಪಾಯ ಸ್ಪಷ್ಟವೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಬೇಸಿಗೆಯಲ್ಲಿ ಹೊಲದ ಕೆಲಸ ಮಾಡುವ ರೈತ ದಿನಕ್ಕೆ 4 ಲೀಟರ್ ನೀರು ಕುಡಿಯುತ್ತಾನೆಂದುಕೊಳ್ಳಿ. ಅನ್ನ, ಬೇಳೆ, ಅಂಬಲಿ, ಚಹಾಗಳ ಮೂಲಕ ಇನ್ನೂ 2 ಲೀಟರ್ ಹೊಟ್ಟೆ ಸೇರುತ್ತದೆ. ಆ ನೀರಿನ ಪ್ರತಿ ಲೀಟರಿನಲ್ಲಿ 2.5 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಒಟ್ಟು 15 ಮಿಲಿಗ್ರಾಂ ಆಯಿತು. ತಂಪು ದೇಶದಲ್ಲಿ ಕೋಣೆಯೊಳಗೆ ಕುಳಿತು ದಿನಕ್ಕೆ ಒಂದೂವರೆ ಲೀಟರ್ ಕುಡಿಯುವವನಿಗೆ ಅದೇ ನೀರು ಕೊಡುವುದು ನಾಲ್ಕು ಮಿಲಿಗ್ರಾಂಗಿಂತ ಕಡಿಮೆ. ಬಿಸಿಲಿನಲ್ಲಿ ಕಾಯಕ ಮಾಡುವವನಿಗೇ ಈ ನೀರಿನ ಹೊರೆ ಹೆಚ್ಚು ಎಂಬುದನ್ನು ಮರೆಯಬಾರದು.

ಹಲ್ಲು ನುಡಿಯುವ ಸಾಕ್ಷ್ಯ

ಹಲ್ಲಿನ ಕರೆಗೂ ನೀರಿಗೂ ಇರುವ ನಂಟು ಮೊದಲು ತಿಳಿದದ್ದು ಅಮೆರಿಕದಲ್ಲಿ. ಫ್ರೆಡರಿಕ್ ಮ್ಯಾಕೆ ಎಂಬ ದಂತವೈದ್ಯರು 1901ರಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್ ಊರಿಗೆ ಬಂದಾಗ, ಅಲ್ಲಿಯೇ ಹುಟ್ಟಿ ಬೆಳೆದವರ ಹಲ್ಲುಗಳ ಮೇಲೆ ಕಂದು ಕರೆ ಕಂಡರು. ನೀರಿನ ಮೇಲೆ ಅವರಿಗೆ ಅನುಮಾನವಿತ್ತು. ಆದರೆ ದೋಷ ಯಾವುದೆಂದು ಹಿಡಿಯಲು ಮೂರು ದಶಕ ಬೇಕಾಯಿತು. 1931ರಲ್ಲಿ ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞರು ಇದೇ ಕರೆಯ ಮತ್ತೊಂದು ಊರಿನ ನೀರನ್ನು ಪರೀಕ್ಷಿಸಿ, ಲೀಟರಿಗೆ 13.7 ಮಿಲಿಗ್ರಾಂ ಫ್ಲೋರೈಡ್ ಇರುವುದನ್ನು ತೋರಿಸಿದರು. ಸ್ವಲ್ಪ ಪ್ರಮಾಣದ ಫ್ಲೋರೈಡ್ ಹಲ್ಲನ್ನು ಹುಳುಕಿನಿಂದ ಕಾಯುತ್ತದೆಂಬುದೂ ಮುಂದಿನ ಸಂಶೋಧನೆಗಳಿಂದ ತಿಳಿಯಿತು. ಮಿತಿಯೊಳಗಿದ್ದಾಗ ರಕ್ಷಕ, ಮಿತಿ ಮೀರಿದಾಗ ಭಕ್ಷಕ; ಇದು ಫ್ಲೋರೈಡಿನ ಸ್ವಭಾವ.

ಬಾಯಿಯಲ್ಲಿ ಕಾಣುವ ಕಾಯಂ ಹಲ್ಲುಗಳ ಹೊರಕವಚ ಬಹುಪಾಲು ರೂಪುಗೊಳ್ಳುವುದು ಹುಟ್ಟಿನಿಂದ ಎಂಟು ವರ್ಷದೊಳಗೆ, ವಸಡಿನ ಮರೆಯಲ್ಲಿ. ಆ ಕಾಲದಲ್ಲಿ ಫ್ಲೋರೈಡ್ ಹೆಚ್ಚಾದರೆ ಕವಚ ಸರಿಯಾಗಿ ಗಟ್ಟಿಯಾಗುವುದಿಲ್ಲ. ಹಲ್ಲು ಮೂಡುವಾಗಲೇ ಸುಣ್ಣ ಬಳಿದಂತೆ ಬಿಳಿ ಗೆರೆ, ಮಚ್ಚೆಗಳಿರುತ್ತವೆ; ಬರಬರುತ್ತ ಅವು ಹಳದಿ, ಕಂದು ಬಣ್ಣಕ್ಕೆ ತಿರುಗುತ್ತವೆ; ತೀವ್ರವಾದಲ್ಲಿ ಹಲ್ಲಿನ ಮೇಲೆ ಕುಳಿ ಬೀಳುತ್ತವೆ. ಇದೇ ದಂತ ಫ್ಲೋರೋಸಿಸ್. ಎಂಟು ವರ್ಷದ ನಂತರ ಈ ಊರಿಗೆ ಬಂದವರ ಮುಂದಿನ ಹಲ್ಲಿಗೆ ಈ ಕರೆ ಬರುವುದಿಲ್ಲ. ಆದುದರಿಂದ ಶಾಲಾ ಮಕ್ಕಳ ಹಲ್ಲು ಆ ಊರಿನ ನೀರಿನ ಕಳೆದ ವರ್ಷಗಳ ಚರಿತ್ರೆಯನ್ನು ಬರೆದಿಟ್ಟ ದಾಖಲೆಯೇ ಸರಿ.

ಬೇರೆ ಕರೆಗಳಿಂದ ಇದನ್ನು ಗುರುತಿಸುವುದು ಕಠಿಣವಲ್ಲ. ಎಲೆ ಅಡಿಕೆ, ತಂಬಾಕು, ಗುಟ್ಕಾಗಳ ಕಲೆ ಮತ್ತು ಗಟ್ಟಿಗೊಂಡ ಪಾಚಿ ವಸಡಿನ ಅಂಚಿನಲ್ಲಿಯೂ ಹಲ್ಲುಗಳ ಸಂದಿನಲ್ಲಿಯೂ ಕೂಡುತ್ತವೆ. ದಂತವೈದ್ಯರು ಶುಚಿ ಮಾಡಿದರೆ ಹೋಗುತ್ತವೆ. ಫ್ಲೋರೋಸಿಸ್‌ನ ಗುರುತು ಎಡಬಲದ ಜೋಡಿ ಹಲ್ಲುಗಳ ಮೇಲೆ ಸಮನಾಗಿ, ಅಡ್ಡ ಪಟ್ಟಿಯಾಗಿ ಇರುತ್ತದೆ, ಉಜ್ಜಿದರೆ ಹೋಗದು. ಇಟ್ಟಿಗೆಪುಡಿ, ಇದ್ದಿಲು, ಮರಳುಪ್ಪು ಹಾಕಿ ತಿಕ್ಕಿದರೆ ಮೊದಲೇ ದುರ್ಬಲವಾದ ಕವಚ ಸವೆಯುತ್ತದೆ. ಜಾತ್ರೆಯಲ್ಲಿ ಹಲ್ಲು ಬೆಳ್ಳಗೆ ಮಾಡುತ್ತೇವೆಂದು ಆಮ್ಲ ಸವರುವವರ ಬಳಿ ಮಕ್ಕಳನ್ನು ಕೂಡಿಸಬೇಡಿರಿ. ದಂತವೈದ್ಯಶಾಸ್ತ್ರದಲ್ಲಿ ಇದಕ್ಕೆ ಕ್ರಮಬದ್ಧ ಉಪಾಯಗಳಿವೆ. ಕರೆ ತೆಳುವಾಗಿದ್ದರೆ ಕವಚದ ಮೇಲ್ಪದರವನ್ನು ಅತ್ಯಂತ ಸೂಕ್ಷ್ಮವಾಗಿ ಒರೆಸಿ ತೆಗೆಯುತ್ತಾರೆ; ಬಿಳಿ ಮಚ್ಚೆಗೆ ಅಂಟುದ್ರವ್ಯ ಇಳಿಸಿ ಮರೆಮಾಡುತ್ತಾರೆ; ಕುಳಿ ಬಿದ್ದಲ್ಲಿ ಹಲ್ಲಿನ ಬಣ್ಣದ ಲೇಪ ಅಥವಾ ತೆಳು ಪದರ ಕೂಡಿಸುತ್ತಾರೆ. ಇವೆಲ್ಲ ಅಂದವನ್ನು ಮರಳಿಸುತ್ತವೆಯೇ ಹೊರತು ಮೂಲವನ್ನು ತೆಗೆಯುವುದಿಲ್ಲ. ಚಿಕ್ಕ ಮಕ್ಕಳಿಗೆ ಕಡಲೆಕಾಳಿಗಿಂತ ಹೆಚ್ಚು ಟೂತ್‌ಪೇಸ್ಟ್ ಬೇಡ. ಅದನ್ನು ನುಂಗದಂತೆ ನೋಡಿಕೊಳ್ಳಬೇಕು. ಕರೆ ಹೆಚ್ಚಿರುವ ಊರಿನಲ್ಲಿ ಯಾವ ಪೇಸ್ಟ್ ಬಳಸಬೇಕೆಂದು ದಂತವೈದ್ಯರನ್ನೇ ಕೇಳಬೇಕು.

ಕೊನೆಗೊಂದು ಮಾತು. ಹಲ್ಲಿನ ಕರೆ ಮಗುವಿನ ತಪ್ಪಲ್ಲ, ತಾಯಿಯ ತಪ್ಪೂ ಅಲ್ಲ. ಕನ್ಯೆ ನೋಡಲು ಹೋದವರು ಹಲ್ಲು ನೋಡಿ ಹಿಂದಿರುಗುವುದು ಅಜ್ಞಾನ. ಆ ಕರೆ ವಂಶದ್ದಲ್ಲ, ನೀರಿನದು.

ಕೀಲು ಬಿಗಿಯುವ ಬಗೆ

ದೇಹ ಸೇರಿದ ಫ್ಲೋರೈಡಿನ ಒಂದು ಭಾಗವನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಉಳಿದದ್ದು ಎಲುಬಿನಲ್ಲಿ ನೆಲೆಸುತ್ತದೆ. ಬೆಳೆಯುವ ಮಕ್ಕಳ ಎಲುಬಿನಲ್ಲಿ ಈ ಶೇಖರಣೆ ಇನ್ನೂ ಹೆಚ್ಚು. ಹತ್ತಾರು ವರ್ಷ ಹೀಗೆ ನಡೆದರೆ ಎಲುಬು ದಪ್ಪನಾಗಿ ಗಡುಸಾಗುತ್ತದೆ. ಎಲುಬುಗಳನ್ನು ಬಂಧಿಸುವ ನಾರುಗಳೂ ಸುಣ್ಣಗಟ್ಟುತ್ತವೆ. ಮೊದಲು ಕೊರಳು, ಸೊಂಟ, ಮೊಣಕಾಲುಗಳಲ್ಲಿ ನೋವು, ಆಮೇಲೆ ಬಿಗಿತ, ಕೊನೆಗೆ ಬೆನ್ನು ಕೋಲಿನಂತಾಗಿ ಅಥವಾ ಗೂನಾಗಿ ನಿಲ್ಲುವುದು, ನರ ಒತ್ತಿಕೊಂಡು ಕೈಕಾಲು ಶಕ್ತಿಗುಂದುವುದು. ಇದು ಅಸ್ಥಿ ಫ್ಲೋರೋಸಿಸ್‌ನ ಗತಿ. ಭಾರತದಲ್ಲಿ ಇದನ್ನು ಮೊದಲು ವಿವರಿಸಿದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯ ರೈತರನ್ನು ಪರೀಕ್ಷಿಸಿದ ಶಾರ್ಟ್ ಮತ್ತು ಅವರ ಸಹೋದ್ಯೋಗಿಗಳು.

ಆರಂಭದಲ್ಲಿ ಈ ರೋಗ ಸಾಮಾನ್ಯ ಸಂಧಿವಾತದಂತೆಯೇ ತೋರುತ್ತದೆ. ಅದಕ್ಕೇ ಅದು ವರ್ಷಗಟ್ಟಲೆ ಮರೆಯಾಗಿ ಉಳಿಯುತ್ತದೆ. ಆದರೆ ವೈದ್ಯರು ಬಳಸುವ ಮೂರು ಸರಳ ಪರೀಕ್ಷೆಗಳಿವೆ. ಅವು ನಮ್ಮ ನಿತ್ಯದ ಆಚರಣೆಯಲ್ಲಿಯೇ ಅಡಗಿವೆ. ಗದ್ದವನ್ನು ಎದೆಗೆ ತಾಗಿಸಲು ಆಗುವುದೇ? ಅಂಗೈಯ ಲಿಂಗವನ್ನು ನೋಡಲು ಕೊರಳು ಬಾಗುತ್ತಿದೆಯೇ ಎಂದು ನೋಡಿಕೊಳ್ಳಿ. ಮೊಣಕಾಲು ಮಡಿಸದೆ ಬಾಗಿ ಕಾಲಬೆರಳು ಮುಟ್ಟಲು ಆಗುವುದೇ? ಅಂಗಳ ಕಸಗುಡಿಸುವ ತಾಯಿಗೆ ಉತ್ತರ ಗೊತ್ತು. ಎರಡೂ ಕೈಗಳನ್ನು ತಲೆಯ ಹಿಂದೆ ಒಯ್ಯಲು ಆಗುವುದೇ? ರುಮಾಲು ಸುತ್ತುವಾಗ, ಹೆರಳು ಹಾಕುವಾಗ ತಿಳಿಯುತ್ತದೆ. ಇವುಗಳಲ್ಲಿ ತೊಡಕು ಕಂಡರೆ, ಮನೆಯ ಮಕ್ಕಳ ಹಲ್ಲಿನಲ್ಲಿ ಕರೆಯೂ ಇದ್ದರೆ, ವೈದ್ಯರ ಮುಂದೆ ಕೇವಲ ‘ಮೊಣಕಾಲು ನೋವು’ ಎನ್ನದೆ ‘ನಾವು ಇಷ್ಟು ವರ್ಷದಿಂದ ಇಂಥ ಕೊಳವೆಬಾವಿಯ ನೀರು ಕುಡಿಯುತ್ತಿದ್ದೇವೆ’ ಎಂದೂ ಹೇಳಬೇಕು. ಮುಂಗೈಯ ಎಕ್ಸ್‌ರೇಯಲ್ಲಿ ಎರಡು ಎಲುಬುಗಳ ನಡುವಿನ ಪೊರೆ ಸುಣ್ಣಗಟ್ಟಿರುವುದು ಕಂಡರೆ, ಮೂತ್ರ ಪರೀಕ್ಷೆಯಲ್ಲಿ ಫ್ಲೋರೈಡ್ ಹೆಚ್ಚಿದ್ದರೆ, ರೋಗ ನಿಶ್ಚಯಕ್ಕೆ ದಾರಿಯಾಗುತ್ತದೆ.

ನಮ್ಮ ಅಡುಗೆಮನೆಗೆ ಸಂಬಂಧಿಸಿದ ಇನ್ನೊಂದು ಸಂಶೋಧನೆಯಿದೆ. ಎಳೆಯರ ಮೊಣಕಾಲುಗಳು ಒಂದಕ್ಕೊಂದು ತಾಗುವಂತೆ ಒಳಬಾಗುವ ವಿಕಾರವನ್ನು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯ ವಿಜ್ಞಾನಿಗಳು 1973ರಲ್ಲಿ ಫ್ಲೋರೋಸಿಸ್ ಪ್ರದೇಶದಲ್ಲಿ ಗುರುತಿಸಿ ಪ್ರಕಟಿಸಿದರು. 1977ರಲ್ಲಿ ಅದೇ ಸಂಸ್ಥೆಯ ಅಧ್ಯಯನವೊಂದು, ಅನ್ನ ಉಣ್ಣುವವರಿಗಿಂತ ಜೋಳ ಉಣ್ಣುವವರ ದೇಹದಲ್ಲಿ ಫ್ಲೋರೈಡ್ ಹೆಚ್ಚಾಗಿ ಉಳಿಯುತ್ತದೆಂದು ತೋರಿಸಿತು. ಹಾಗಾದರೆ ರೊಟ್ಟಿ ಬಿಡಬೇಕೆ? ಬೇಡ. ಜೋಳ ನಾರಿನಂಶವುಳ್ಳ, ಮೈಗೆ ಹಿತವಾದ ಧಾನ್ಯ. ಈ ಸಂಶೋಧನೆ ಹೇಳುವುದಿಷ್ಟೇ: ಜೋಳ ಉಣ್ಣುವ ಸೀಮೆಯವರಾದ ನಾವು ನೀರಿನ ಬಗ್ಗೆ ಇನ್ನೂ ಕಟ್ಟುನಿಟ್ಟಾಗಿರಬೇಕು.

ಎಲ್ಲ ಮೊಣಕಾಲು ನೋವೂ ನೀರಿನದಲ್ಲ

ಎಲ್ಲ ನೋವಿಗೂ ಫ್ಲೋರೈಡನ್ನೇ ಹೊಣೆಯಾಗಿಸುವುದೂ ತಪ್ಪು. ನಡುವಯಸ್ಸು ದಾಟಿದವರ ಮೊಣಕಾಲಿನ ಮೃದ್ವಸ್ಥಿ ಸವೆದು ಬರುವ ನೋವು ಎಲ್ಲ ಊರುಗಳಲ್ಲಿಯೂ ಇದೆ. ಅದಕ್ಕೆ ದೊಡ್ಡ ಕಾರಣ ದೇಹದ ತೂಕ. ಸ್ಥೂಲಕಾಯದ ಹಿರಿಯರ ನಡಿಗೆಯನ್ನು ಅಳೆದ 2005ರ ಅಮೆರಿಕದ ಅಧ್ಯಯನವೊಂದು, ದೇಹದ ತೂಕ ಒಂದು ಪಾಲು ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರ ನಾಲ್ಕು ಪಾಲು ಇಳಿಯುತ್ತದೆಂದು ತೋರಿಸಿತು. ಐದು ಕಿಲೋ ಇಳಿಸಿದವರ ಮೊಣಕಾಲು ಹೆಜ್ಜೆಹೆಜ್ಜೆಗೂ ಇಪ್ಪತ್ತು ಕಿಲೋ ಹೊರೆ ಕಳೆದುಕೊಳ್ಳುತ್ತದೆ. 454 ಮಂದಿಯ ಮೇಲೆ 18 ತಿಂಗಳು ನಡೆದು 2013ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ, ಕೇವಲ ವ್ಯಾಯಾಮ ಮಾಡಿದವರಿಗಿಂತ ಮಿತಾಹಾರ ಮತ್ತು ವ್ಯಾಯಾಮ ಎರಡನ್ನೂ ಪಾಲಿಸಿದವರ ನೋವು ಹೆಚ್ಚು ತಗ್ಗಿತು.

ತೂಕ ಇಳಿಸುವ ಹೊಸ ಚುಚ್ಚುಮದ್ದಿನ ಸುದ್ದಿಯನ್ನೂ ಅನೇಕರು ಕೇಳಿದ್ದೀರಿ. ಸೆಮಾಗ್ಲುಟೈಡ್ ಎಂಬ ಈ ಔಷಧವನ್ನು ಸ್ಥೂಲಕಾಯದ ಜೊತೆಗೆ ಮೊಣಕಾಲು ಸವೆತವೂ ಇದ್ದ 407 ಜನರಲ್ಲಿ 68 ವಾರ ಪರೀಕ್ಷಿಸಿದ ವರದಿ 2024ರಲ್ಲಿ ಬಂತು. ಔಷಧ ಪಡೆದವರ ತೂಕ ಸರಾಸರಿ ಶೇ. 13.7ರಷ್ಟು ಇಳಿಯಿತು, ಹುಸಿ ಔಷಧ ಪಡೆದವರದು ಶೇ. 3.2ರಷ್ಟು, ನೋವೂ ಮೊದಲ ಗುಂಪಿನಲ್ಲಿಯೇ ಹೆಚ್ಚು ಕಡಿಮೆಯಾಯಿತು. ಇದು ದುಬಾರಿ ಔಷಧ; ತಜ್ಞವೈದ್ಯರ ಮೇಲ್ವಿಚಾರಣೆಯಲ್ಲಿ, ಸ್ಥೂಲಕಾಯದವರಿಗೆ ಮಾತ್ರ ತಕ್ಕದ್ದು. ಹೊಲದಲ್ಲಿ ದುಡಿದು ಬಡಕಲಾದ ದೇಹಕ್ಕೆ ಅದರಿಂದ ಪ್ರಯೋಜನವಿಲ್ಲ. ಅಂಗಡಿಗಳಲ್ಲಿ ಕೀಲಿನ ಮಾತ್ರೆಯೆಂದು ಮಾರುವ ಗ್ಲೂಕೋಸಮೈನ್, ಕಾಂಡ್ರಾಯ್ಟಿನ್‌ಗಳಿಗಾಗಿ ಸಾಲ ಮಾಡುವವರೂ ಕೇಳಬೇಕು: 1,583 ರೋಗಿಗಳ ಮೇಲೆ ನಡೆದ 2006ರ ದೊಡ್ಡ ಪ್ರಯೋಗದಲ್ಲಿ ಒಟ್ಟಾರೆಯಾಗಿ ಅವು ಹುಸಿ ಔಷಧಕ್ಕಿಂತ ಮೇಲೆಂದು ಸಿದ್ಧವಾಗಲಿಲ್ಲ.

ಹೀಗಾಗಿ ಮೊಣಕಾಲು ನೋಯುವವರು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ನನ್ನ ತೂಕ ಎಷ್ಟು? ನನ್ನ ನೀರು ಎಂಥದು? ಗಂಗಾವತಿಯ ಅಂಗಡಿಯಲ್ಲಿ ದಿನವಿಡೀ ಕುಳಿತು ಮೂರು ಹೊತ್ತು ಬಿಳಿ ಅನ್ನ ಉಣ್ಣುವ ವ್ಯಾಪಾರಿಗೆ ಮೊದಲ ಪ್ರಶ್ನೆ ಮುಖ್ಯವಾಗಬಹುದು. ಯಲಬುರ್ಗಾದ ಒಣಬೇಸಾಯದ ಕೃಶಕಾಯ ರೈತನಿಗೆ ಎರಡನೆಯದು. ಕೆಲವರಲ್ಲಿ ಎರಡೂ ಕೂಡಿರುತ್ತವೆ.

ತಾಯಿಯ ರಕ್ತ, ಕೂಸಿನ ತೂಕ

ಫ್ಲೋರೈಡಿನ ಹಾನಿ ಎಲುಬು ಹಲ್ಲುಗಳಿಗೆ ಮುಗಿಯುವುದಿಲ್ಲ. ಹಸಿವು ಕುಂದುವುದು, ಹೊಟ್ಟೆನೋವು, ವಾಕರಿಕೆಗಳೂ ಕಾಣಿಸಿಕೊಳ್ಳಬಹುದು. ದೆಹಲಿಯಲ್ಲಿ ದಶಕಗಳ ಕಾಲ ಈ ರೋಗದ ಸಂಶೋಧನೆ ನಡೆಸಿದ ಡಾ. ಎ. ಕೆ. ಸುಶೀಲಾ ಮತ್ತು ಸಂಗಡಿಗರು 2010ರಲ್ಲಿ ಗರ್ಭಿಣಿಯರ ಕುರಿತ ಅಧ್ಯಯನವನ್ನು ಪ್ರಕಟಿಸಿದರು. ರಕ್ತಹೀನತೆಯಿದ್ದು ಮೂತ್ರದಲ್ಲಿ ಫ್ಲೋರೈಡ್ ಹೆಚ್ಚಿದ್ದ ತಾಯಂದಿರಿಗೆ ಅವರು ಎರಡು ಉಪದೇಶ ಕೊಟ್ಟರು. ನೀರು ಮತ್ತು ಆಹಾರದ ಫ್ಲೋರೈಡ್ ದೂರಮಾಡಿರಿ. ಸುಣ್ಣ, ಕಬ್ಬಿಣ, ಸಿ ಜೀವಸತ್ವವಿರುವ ಹಾಲು, ಸೊಪ್ಪು, ಹಣ್ಣುಗಳನ್ನು ಹೆಚ್ಚಿಸಿರಿ. ಹಾಗೆ ನಡೆದ ತಾಯಂದಿರ ಹಿಮೋಗ್ಲೋಬಿನ್ ಏರಿತು. ಕಡಿಮೆ ತೂಕದ ಶಿಶುಗಳ ಜನನ ತಗ್ಗಿತು. ಕಬ್ಬಿಣದ ಮಾತ್ರೆ ನುಂಗಿಯೂ ರಕ್ತ ಏರದ ಬಸುರಿಯ ಮನೆಯ ನೀರನ್ನು ಒಮ್ಮೆ ಪರೀಕ್ಷಿಸಬೇಕೆಂಬುದು ಇದರಿಂದ ನಾವು ಕಲಿಯಬೇಕಾದ ಪಾಠ. ಕಬ್ಬಿಣದ ಮಾತ್ರೆಯನ್ನು ಮಾತ್ರ ಬಿಡಬಾರದು.

ಔಷಧದ ಮಿತಿ

ಎಲುಬಿನಲ್ಲಿ ನೆಲೆಸಿದ ಫ್ಲೋರೈಡನ್ನು ಕರಗಿಸಿ ತೆಗೆಯುವ ಮಾತ್ರೆ ಇಲ್ಲ. ಹೊಸ ಶೇಖರಣೆ ನಿಂತರೆ ದೇಹವೇ ಹಲವು ವರ್ಷಗಳಲ್ಲಿ ಸ್ವಲ್ಪಸ್ವಲ್ಪವಾಗಿ ಅದನ್ನು ಹೊರಹಾಕುತ್ತದೆ. ಕೋಲಾದ ಬೆನ್ನು ಮರಳಿ ಬಾಗುವುದಿಲ್ಲ. ಆದರೆ ಆರಂಭದ ನೋವು, ಹೊಟ್ಟೆಯ ತೊಂದರೆಗಳು ನೀರು ಬದಲಿಸಿದಾಗ ತಗ್ಗುತ್ತವೆ. ಅದಕ್ಕಾಗಿಯೇ ಬೇಗ ತಿಳಿಯುವುದು ಮುಖ್ಯ.

ನೋವಿಗೆ ಹೆದರಿ ಅಂಗಡಿಯಿಂದ ತಂದ ನೋವುನಿವಾರಕ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವ ಪದ್ಧತಿ ನಮ್ಮಲ್ಲಿ ಬೆಳೆದಿದೆ. ಇವು ಜಠರದಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡಗಳನ್ನು ಕೆಡಿಸುತ್ತವೆ. ಫ್ಲೋರೈಡನ್ನು ಹೊರಹಾಕುವ ಅಂಗವೇ ಮೂತ್ರಪಿಂಡ. ಅದು ಕೆಟ್ಟರೆ ಇನ್ನಷ್ಟು ಫ್ಲೋರೈಡ್ ದೇಹದಲ್ಲಿ ಉಳಿಯುತ್ತದೆ, ನೋವು ಇನ್ನಷ್ಟು ಬೆಳೆಯುತ್ತದೆ, ಮಾತ್ರೆಯೂ ಹೆಚ್ಚುತ್ತದೆ. ಈ ಸುಳಿಯನ್ನು ಬಿಡಿಸಿಕೊಳ್ಳುವ ಹಾದಿ ಮಾತ್ರೆಯ ಡಬ್ಬಿಯಲ್ಲಿಲ್ಲ. ಹೆಸರಿಲ್ಲದ ಪುಡಿಯ ಪೊಟ್ಟಣಗಳಲ್ಲಿ ಸ್ಟೀರಾಯ್ಡ್ ಬೆರೆತಿರುವ ಅಪಾಯವೂ ಉಂಟು.

ಆಹಾರದಿಂದ ಸ್ವಲ್ಪ ನೆರವು ಸಿಗುತ್ತದೆ. ಹಾಲು, ಮಜ್ಜಿಗೆ, ಎಳ್ಳು, ನುಗ್ಗೆಸೊಪ್ಪು ಮತ್ತು ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ ಸುಣ್ಣವಿರುವ ರಾಗಿ ಎಲುಬಿಗೆ ಹಿತ. ನೆಲ್ಲಿಕಾಯಿ, ಪೇರಲ, ನಿಂಬೆಗಳಲ್ಲಿ ಸಿ ಜೀವಸತ್ವವಿದೆ. ಹುಣಸೆಯ ಬಗ್ಗೆ ಒಂದು ಕುತೂಹಲದ ಸಂಶೋಧನೆಯಿದೆ. ಹೈದರಾಬಾದಿನ ಅದೇ ಸಂಸ್ಥೆಯವರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ 10 ಗ್ರಾಂ ಹುಣಸೆಯನ್ನು ಊಟದೊಡನೆ ಸೇವಿಸಿದ ಬಾಲಕರ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚಾಗಿ ಹೊರಹೋಯಿತು. ಸಾರಿನ ಹುಳಿ ನಮಗೆ ಹೊಸದೇನಲ್ಲ. ಆದರೆ ಅದು ಪುಟ್ಟ ಅಧ್ಯಯನ. ಹುಣಸೆಯನ್ನು ನಂಬಿ ಕೆಟ್ಟ ನೀರು ಕುಡಿಯಬಹುದೆಂದು ಅದು ಹೇಳುವುದಿಲ್ಲ. ಚಹಾ ಎಲೆ ಸ್ವಭಾವತಃ ಫ್ಲೋರೈಡ್ ಕೂಡಿಡುವ ಎಲೆಯಾದುದರಿಂದ ಹತ್ತು ಬಾರಿಯ ಚಹಾವನ್ನು ಎರಡಕ್ಕೆ ಇಳಿಸಬೇಕು. ಕಪ್ಪು ಉಪ್ಪು ಬೆರೆಸಿದ ಚೂರ್ಣಗಳನ್ನೂ ದೂರವಿಡಬೇಕು.

ಎರಡು ಕೊಡಗಳ ಭೇದ

ಈಗ ನಮ್ಮ ಮನೆಗಳಲ್ಲಿ ನಡೆಯುತ್ತಿರುವ ಒಂದು ತಪ್ಪಿನ ಕಡೆಗೆ ಗಮನ ಸೆಳೆಯಬೇಕಾಗಿದೆ. ಅನೇಕ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಾಗಿವೆ. ನಾಣ್ಯ ಹಾಕಿ ಕ್ಯಾನ್ ತುಂಬಿ ತರುತ್ತೇವೆ; ಕುಡಿಯಲು ಮಾತ್ರ ಬಳಸುತ್ತೇವೆ. ಅನ್ನಕ್ಕೆ, ಬೇಳೆಗೆ, ಅಂಬಲಿಗೆ, ರೊಟ್ಟಿಯ ಎಸರಿಗೆ ಕೊಳವೆಬಾವಿಯ ಕೊಡವೇ ಬೀಳುತ್ತದೆ. ‘ಕುದಿಸುತ್ತೇವಲ್ಲ’ ಎಂಬ ಸಮಾಧಾನ ಬೇರೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ದಟ್ಟವಾಗುತ್ತದೆ. ಮೇಲಿನ ಲೆಕ್ಕವನ್ನೇ ನೋಡಿರಿ: ಅಡುಗೆಯ 2 ಲೀಟರಿನಿಂದಲೇ 5 ಮಿಲಿಗ್ರಾಂ. ಆದುದರಿಂದ ಕುಡಿಯುವ ಕೊಡ, ಅಡುಗೆಯ ಕೊಡ ಎಂಬ ಭೇದ ಅಳಿಯಬೇಕು. ಸ್ನಾನಕ್ಕೂ ಬಟ್ಟೆಗೂ ಕೊಳವೆಬಾವಿಯ ನೀರು ಬಳಸಲು ಅಡ್ಡಿಯಿಲ್ಲ.

ಘಟಕದ ನೀರನ್ನೂ ಕಣ್ಣುಮುಚ್ಚಿ ನಂಬಬಾರದು. ಒಳಗಿನ ಪೊರೆ ಹಳತಾದರೆ ಫ್ಲೋರೈಡ್ ನುಸುಳುತ್ತದೆ. ಹೊರಬರುವ ನೀರನ್ನೂ ಆಗಾಗ ಪರೀಕ್ಷಿಸಬೇಕು. ಘಟಕ ಹೊರಚೆಲ್ಲುವ ನೀರಿನಲ್ಲಿ ಫ್ಲೋರೈಡ್ ಇನ್ನೂ ಹೆಚ್ಚಿರುತ್ತದೆ. ಅದನ್ನು ದನಗಳ ದೋಣಿಗೆ ಹರಿಸಬಾರದು. ಎತ್ತು ಆಕಳುಗಳಿಗೂ ಫ್ಲೋರೋಸಿಸ್ ಬರುತ್ತದೆ. ಹಲ್ಲು ಬೇಗ ಸವೆಯುತ್ತವೆ, ಕಾಲು ಕುಂಟುತ್ತವೆ. ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ ಬೆರೆಸಿ ಫ್ಲೋರೈಡನ್ನು ತಳಕ್ಕಿಳಿಸುವ ‘ನಲ್ಗೊಂಡ ವಿಧಾನ’ವನ್ನು ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ರೂಪಿಸಿತು. ಆದರೆ ಪಟಿಕದ ಪ್ರಮಾಣ ನೀರಿನ ಗುಣಕ್ಕೆ ತಕ್ಕಂತೆ ಬದಲಾಗುತ್ತದೆ. ಅಳತೆಯಿಲ್ಲದೆ ಮನೆಯಲ್ಲಿ ಒಂದು ಹರಳು ಪಟಿಕ ತಿರುವಿದರೆ ನೀರು ತಿಳಿಯಾದೀತೇ ಹೊರತು ಫ್ಲೋರೈಡ್ ಹೋಗದು.

ಎಲ್ಲಕ್ಕಿಂತ ಮೇಲಾದುದು ಮಳೆಯ ನೀರು, ಹೊಳೆಯ ನೀರು. ನಳದಲ್ಲಿ ಶುದ್ಧೀಕರಿಸಿದ ಹೊಳೆಯ ನೀರು ಬರುವ ಊರಿನವರು ವಾರಕ್ಕೆರಡು ದಿನ ತಪ್ಪಿತೆಂದು ಮತ್ತೆ ಕೊಳವೆಬಾವಿಗೆ ಮರಳದೆ, ಕುಡಿಯುವ ಮತ್ತು ಅಡುಗೆಯ ಪಾಲನ್ನು ಮುಚ್ಚಿದ ಪಾತ್ರೆಯಲ್ಲಿ ಕಾದಿಟ್ಟುಕೊಳ್ಳಬೇಕು. ಮಾಳಿಗೆಯ ಮಳೆನೀರನ್ನು ಶುಚಿಯಾಗಿ ಹಿಡಿದ ತೊಟ್ಟಿಯಲ್ಲಿ ಫ್ಲೋರೈಡ್ ಅತ್ಯಲ್ಪ. ಕೆರೆ ಹಳ್ಳಗಳಲ್ಲಿ ನಿಂತ ಮಳೆನೀರು ನೆಲಕ್ಕಿಳಿದಾಗ ಅಂತರ್ಜಲದ ಲವಣ ತೆಳುವಾಗುತ್ತದೆ. ಕೊಪ್ಪಳದ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಮಹಾಸ್ವಾಮಿಗಳು 2019ರಲ್ಲಿ ಸಾವಿರಾರು ಭಕ್ತರೊಡನೆ ಹಿರೇಹಳ್ಳದ ಸ್ವಚ್ಛತೆಗೆ ಇಳಿದದ್ದನ್ನು ನಾವೆಲ್ಲ ಕಂಡಿದ್ದೇವೆ. ಹೂಳು ತೆಗೆಯುವ ಆ ಕಾಯಕ ರೈತನ ಬೆಳೆಗೆ ಮಾತ್ರವಲ್ಲ, ಎಲುಬು ಹಲ್ಲುಗಳಿಗೂ ಸಂದ ಸೇವೆ.

ಈ ತಿಂಗಳ ಸಂಕಲ್ಪ

ಪ್ರತಿ ಮನೆಯವರು ತಮ್ಮ ನೀರಿನ ಮಾದರಿಯನ್ನು ಶುಚಿಯಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿದು ಗ್ರಾಮ ಪಂಚಾಯಿತಿಯಲ್ಲಿ ಪರೀಕ್ಷೆ ಮಾಡಿಸಬೇಕು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್‌ನಡಿ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ಕೊಡುವ ಏರ್ಪಾಡಿದೆ. ಕಿಟ್‌ನ ಕೆಂಪು ದ್ರಾವಣ ನೀರಿಗೆ ಬಿದ್ದಾಗ ಹಳದಿಯತ್ತ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚೆಂದು ತಿಳಿಯಬೇಕು. ಸಂಶಯ ಬಂದರೆ ತಾಲ್ಲೂಕು ಅಥವಾ ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಬಂದ ಅಂಕಿಯನ್ನು ಆ ಕೊಳವೆಬಾವಿಯ ಬಳಿಯೇ ಎಲ್ಲರಿಗೂ ಕಾಣುವಂತೆ ಬರೆಸಬೇಕು. ಬಸುರಿಯರಿಗೆ, ಬಾಣಂತಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ, ಮೂತ್ರಪಿಂಡದ ರೋಗಿಗಳಿಗೆ ಒಳ್ಳೆಯ ನೀರಿನ ಮೊದಲ ಪಾಲು ಸಲ್ಲಬೇಕು. ಊರಿನ ದಾಸೋಹದ ಅಡುಗೆಗೂ ಪರೀಕ್ಷಿತ ನೀರನ್ನೇ ಬಳಸಬೇಕು.

ಅಷ್ಟಾವರಣಗಳಲ್ಲಿ ಪಾದೋದಕಕ್ಕೆ ಸ್ಥಾನ ಕೊಟ್ಟ ಪರಂಪರೆ ನಮ್ಮದು. ನೀರನ್ನು ಪೂಜ್ಯವೆಂದು ಬಗೆದವರು ಅದರ ಗುಣವನ್ನು ಅರಿಯುವುದರಲ್ಲಿಯೂ ಹಿಂದುಳಿಯಬಾರದು. ಇಂದು ನಾವು ಪರೀಕ್ಷಿಸಿದ ಒಂದು ಬಾಟಲಿ ನೀರಿನಿಂದ ಅಜ್ಜಿಯ ಬಾಗಿದ ಬೆನ್ನು ನೆಟ್ಟಗಾಗದಿರಬಹುದು. ಆದರೆ ಈಗ ತೊಟ್ಟಿಲಲ್ಲಿರುವ ಕೂಸು ಎಂಟು ವರ್ಷದ ನಂತರ ಬಾಯಿ ಮುಚ್ಚಿಕೊಳ್ಳದೆ ನಗಬಲ್ಲದು. ಐವತ್ತು ವರ್ಷದ ನಂತರ ನೆಲದ ಮೇಲೆ ಕುಳಿತು, ಕೊರಳು ಬಾಗಿಸಿ, ಅಂಗೈಯ ಲಿಂಗವನ್ನು ಕಣ್ತುಂಬ ನೋಡಬಲ್ಲದು.